ಲೈನಿನ ಮನೆ

ಲೈನ್ ಎಂಬ ಇಂಗ್ಲಿಷ್ ಶಬ್ದವನ್ನು ದಾವಣಗೆರೆಯಲ್ಲಿ ನಾವು ದಿನಕ್ಕೆ ಹತ್ತು ಸಲ ಆಡುತ್ತಿದ್ದೆವು. ಹರಿಹರಕ್ಕೆ ಹೋಗುವ ರೈಲು ಹಳಿ ಲೈನು. ಸೀಮೆಎಣ್ಣೆಗೆ ಡಬ್ಬಿ ಹಿಡಿದು ನಿಲ್ಲುವ ಸಾಲು ಲೈನು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಮಕ್ಕಳು ಇಂಗ್ಲಿಷ್ ಅಕ್ಷರ ತಿದ್ದುವ ಕಾಪಿಗೆ ನಾಲ್ಕು ಲೈನು. ಇವುಗಳ ಮೇಲೆ ನನ್ನ ತಕರಾರಿಲ್ಲ. ನಾವು ವಾಸವಿದ್ದದ್ದೂ ಲೈನಿನಲ್ಲೇ: ಹತ್ತಿ ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ, ಗೋಡೆಗೆ ಗೋಡೆ ಅಂಟಿದ ಮನೆಗಳು, ಸಾಲಿಗೊಂದು ನಲ್ಲಿ. ಈ ಲೈನಿನ ಮಾತು ಬಂದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ತಂಗಿಗೆ ಹರಿಹರದಿಂದ ಸಂಬಂಧ ಬಂದಿತ್ತು. ಹುಡುಗನ ಮನೆಯವರದು ಅಲ್ಲಿ ಕಿರಾಣಿ ಅಂಗಡಿ. ಅದಕ್ಕೆ ಮುಂಚೆ ಎರಡು ಕಡೆಯವರು, ಲೈನಿನವರಂತೆ ಎಂದು ಗೊತ್ತಾದದ್ದೇ, ಹೆಣ್ಣನ್ನು ನೋಡಲೂ ಬಾರದೆ ಬಿಟ್ಟಿದ್ದರು. ಇದೂ ತಪ್ಪಿದರೆ ಏನು ಗತಿ ಎಂದು ಅವ್ವ ಕೂತಲ್ಲಿ ನಿಂತಲ್ಲಿ ಅದನ್ನೇ ಹೇಳುತ್ತಿದ್ದಳು. ಉಪಾಯ ಹೇಳಿದವಳು ನಾನು. ನನ್ನ ಜೊತೆಯ ಟೀಚರೊಬ್ಬರ ಮನೆ ಹಳೇಪೇಟೆಯಲ್ಲಿತ್ತು. ಕಂಬ, ಪಡಸಾಲೆ, ಹಿತ್ತಲು ಎಲ್ಲ ಇದ್ದ ಮನೆ. ಒಂದು ಭಾನುವಾರದ ಮಟ್ಟಿಗೆ ಅದನ್ನು ಕೇಳಿ ಪಡೆದೆ. ಬರುವವರ ಕಣ್ಣಿಗೆ ಅದೇ ನಮ್ಮ ಮನೆ. ಅಪ್ಪ ಒಲ್ಲೆ ಎಂದ. ಬಾಯಿ ಮಾಡಿ ಒಪ್ಪಿಸಿದೆ.

ಬಂದರು, ಕೂತರು. ತಂಗಿ ಉಪ್ಪಿಟ್ಟು ತಂದುಕೊಟ್ಟಳು. ಹುಡುಗನ ತಾಯಿ ಎರಡು ತುತ್ತು ತಿಂದು ನೀರು ಕೇಳಿದರು. ತಂಗಿ ಒಳಗೆ ಹೋಗಿ ಮೊದಲು ತೆರೆದದ್ದು ದೇವರ ಕೋಣೆಯ ಬಾಗಿಲು, ಆಮೇಲೆ ಕಾಳಿನ ಕೋಣೆಯದು. ಹೇಗೆ ಕೂಡಬೇಕು, ಏನು ಕೇಳಿದರೆ ಏನು ಹೇಳಬೇಕು ಎಲ್ಲ ಕಲಿಸಿದ್ದ ನನಗೆ ನೀರಿನ ಕೊಡ ಎಲ್ಲಿದೆಯೆಂದು ತೋರಿಸುವುದು ಹೊಳೆದಿರಲಿಲ್ಲ.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. "ಯಾಕವ್ವಾ, ನಿಮ್ಮನಿ ನೀರು ಎಲ್ಲೈತೆ ಅಂತ ನಿನಗ ಗೊತ್ತಿಲ್ಲೇನು?"

ನಾನು ಏನೋ ಸಬೂಬು ಹೇಳಲು ಹೋದೆ. ತಂಗಿ ಬಿಡಲಿಲ್ಲ.

"ಇದು ನಮ್ಮನಿ ಅಲ್ರಿ. ನಮ್ದು ಮಿಲ್ಲಿನ ಲೈನಿನಾಗೈತೆ. ನೀರೂ ಅಲ್ಲೇ ಐತೆ. ಬರ್ರಿ, ಕೊಡ್ತೀನಿ."

ಅವರು ಬರಲಿಲ್ಲ. ಹುಡುಗನ ಸೋದರಮಾವ ಚಪ್ಪಲಿ ಮೆಟ್ಟುತ್ತಾ, ಲೈನಿನವರೆಂದರೆ ಹೀಗೇ ಎಂದು ಬೀದಿಗೆ ಕೇಳುವಂತೆ ಅಂದ. ನಿಜ ಹೇಳಿದ್ದರೆ ಬರುತ್ತಲೇ ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಈ ಮಾತು. ಹುಡುಗ ಉಪ್ಪಿಟ್ಟನ್ನು ಪೂರ್ತಿ ತಿಂದೇ ಎದ್ದ.

ದಾರಿಯುದ್ದಕ್ಕೂ ಹರಿಹರದವರನ್ನು ಬೈಯುತ್ತಾ ಬಂದೆ. ನಮ್ಮ ನಲ್ಲಿಯ ಹತ್ತಿರ ತಂಗಿ ನಿಂತಳು. "ಅವರನ್ನ ಬೈಯೋದು ಬಿಡಕ್ಕಾ. ನಮ್ಮನಿ ಮುಚ್ಚಿಟ್ಟಾಕಿ ನೀನು."

ಅವತ್ತಿನಿಂದ ಸಿಟ್ಟಿಗೆ ಎರಡು ಮುಖವಾಯಿತು. ಮರುದಿನ ಶಾಲೆಯ ದಪ್ಪ ನಿಘಂಟನ್ನು ತೆಗೆದು ಆ ಹಾಳು ಶಬ್ದದ ಹುಟ್ಟು ಹುಡುಕಿದೆ. ಅಗಸೆ ನಾರಿನ ದಾರಕ್ಕೆ ಹಿಂದಿನವರು ಇಟ್ಟಿದ್ದ ಹೆಸರಿನಿಂದ ಬಂದದ್ದಂತೆ. ದಾರ! ನಮ್ಮಪ್ಪ ಗಿರಣಿಯಲ್ಲಿ ಇಷ್ಟು ವರ್ಷ ಮಾಡಿದ್ದು ತುಂಡಾದ ನೂಲಿಗೆ ನೂಲು ಸೇರಿಸುವುದನ್ನೇ. ಆ ನೂಲಿನ ಪಂಚೆ ಉಟ್ಟುಕೊಂಡೇ ಬಂದು ನಮ್ಮನ್ನು ಲೈನಿನವರು ಎಂದು ಮೂಗು ಮುರಿಯುತ್ತಾರಲ್ಲ ಎಂದು ಮನೆಯಲ್ಲಿ ಹಾರಾಡಿದೆ. ಅವ್ವ, ಅದು ನಾವು ಚಟ್ನಿಪುಡಿ ಮಾಡುವ ಅಗಸೆಯೇ ಏನು ಎಂದು ಕೇಳಿದಳು. ಅಪ್ಪ ತನ್ನ ಬೆರಳ ತುದಿ ನೋಡಿಕೊಂಡ.

ತಂಗಿ ರುಬ್ಬುವ ಕಲ್ಲಿನಿಂದ ತಲೆ ಎತ್ತಲಿಲ್ಲ. "ದಾರ ಆದ್ರೇನು, ಹಗ್ಗ ಆದ್ರೇನು. ಮುಂದಿನ ಸಲ ಬಂದೋರನ್ನ ಇಲ್ಲಿಗೇ ಕರ್ಕಂಬಾ."

ಮುಂದಿನ ಸಲ ಬಂದವರನ್ನು ಸ್ಟೇಷನ್ನಿನಿಂದ ನಾನೇ ಕರೆತಂದೆ. ನಲ್ಲಿಯ ಪಕ್ಕದಿಂದ, ಸಾಲಾಗಿ ಇಟ್ಟ ಕೊಡಗಳನ್ನು ದಾಟಿಸಿ, ಬೇಕೆಂದೇ. ಇದು ಮಿಲ್ಲಿನ ಲೈನು, ನಮ್ಮ ಮನೆ ಇಲ್ಲೇ ಎಂದು ಜಗಳಕ್ಕೆ ನಿಂತವಳ ಹಾಗೆ ಹೇಳಿದೆ. ಹೊಸಿಲ ಹತ್ತಿರ ತಂಗಿ ಚೊಂಬು ಹಿಡಿದು ನಿಂತಿದ್ದಳು. ಯಾರೂ ಕೇಳುವ ಮೊದಲೇ ನೀರು ಕೊಟ್ಟಳು.

ಅವರು ಕುಡಿದರು.