ರೊಟ್ಟಿ ಬಡಿಯುವ ಹಾಡು

ಇಂಗ್ಲಿಷ್ ಹಾಡು ನನಗೆ ತಿಳಿಯುವುದಿಲ್ಲ. ಕನ್ನಡದ ಹಾಡಾದರೂ ಅರ್ಧವೇ ತಿಳಿಯುತ್ತದೆ, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತೇನೆ. ಆದರೂ ಹೆವಿ ಮೆಟಲ್ ಎಂಬ ಸಂಗೀತ ಎಲ್ಲಿ ಹುಟ್ಟಿತು, ಅದರಲ್ಲಿ ಎಷ್ಟು ಬಗೆ ಎಂದು ಯಾರಾದರೂ ಕೇಳಿದರೆ ಸುಮಾರಾಗಿ ಹೇಳಬಲ್ಲೆ. ಆಳಂದದಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬಂದವರು ಸುಟ್ಟ ಮೋಟರನ್ನು ನೆಲಕ್ಕಿಟ್ಟು, ಯಾವಾಗ ಕೊಡುತ್ತೀರಿ ಎಂದಷ್ಟೇ ಕೇಳುತ್ತಾರೆ. ಹಾಗಾಗಿ ನಿಮಗೇ ಹೇಳುತ್ತಿದ್ದೇನೆ.

ಈ ವಿದ್ಯೆ ನನಗೆ ಬಂದದ್ದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿಯುವಾಗ. ನನ್ನ ಹೆಂಡತಿ ಶಶಿಕಲಾ ಇಜೇರಿಯವಳು. ಅಫಜಲಪುರದಲ್ಲಿ ನರ್ಸ್ ಆಗಿದ್ದವಳು, ಮದುವೆಯಾದ ಮೇಲೆ ಆಳಂದದಲ್ಲೇ ಕೆಲಸ ಹಿಡಿದಳು. ನರ್ಸಿಂಗ್ ಓದುವಾಗ ಹಾಸ್ಟೆಲಿನ ಅವಳ ಕೋಣೆಯಲ್ಲಿ ಮಿಜೋರಾಂ ಕಡೆಯ ಗೆಳತಿಯೊಬ್ಬಳಿದ್ದಳಂತೆ. ಅವಳಿಗೆ ಇವಳು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿನ್ನುವುದನ್ನು ಕಲಿಸಿದಳು, ಅವಳು ಇವಳಿಗೆ ಹೆವಿ ಮೆಟಲ್ ಕಲಿಸಿದಳು. ಎರಡೂ ಖಾರದ ವಸ್ತುಗಳೇ ಆದ್ದರಿಂದ ಇದನ್ನು ನ್ಯಾಯವಾದ ವಿನಿಮಯ ಎನ್ನಬೇಕು.

ಮದುವೆಯಾದ ಹೊಸತರಲ್ಲಿ ಒಂದು ಮುಂಜಾನೆ ಅಡುಗೆಮನೆಯಿಂದ ಗಂಡಸೊಬ್ಬ ಗಂಟಲು ಹರಿಯುವಂತೆ ಕೂಗಿದ್ದು ಕೇಳಿ ಅವ್ವ ಹಿತ್ತಲಿನಿಂದ ಓಡಿ ಬಂದಳು. ಒಳಗೆ ಶಶಿಕಲಾ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ಅಂಗೈ ಅಗಲದ ಸ್ಪೀಕರ್ ಇತ್ತು.

"ಅಂವಾ ಯಾಕ ಹಂಗ ಒದರಾಕತ್ತಾನಬೇ? ಯಾರರ ಹೊಡದಾರೇನು?"

"ಇಲ್ರೀ ಅತ್ತಿ, ಹಾಡಾಕತ್ತಾನ್ರಿ."

"ಇದು ಹಾಡಾದ್ರ, ಅಂವಾ ಅಳೂದು ಹ್ಯಾಂಗ ಇರಬೇಕು?"

ನನಗೂ ಮೊದಮೊದಲು ಅದು ಬೇರಿಂಗ್ ಹೋದ ಮೋಟರಿನ ಸದ್ದಿನಂತೆಯೇ ಕೇಳುತ್ತಿತ್ತು. ಶಶಿಕಲಾ ಅದಕ್ಕೆ ಸಿಟ್ಟಾಗಲಿಲ್ಲ. ಈ ಸಂಗೀತ ಹುಟ್ಟಿದ್ದೇ ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆಗಳ ಊರಿನಲ್ಲಿ, ಯಂತ್ರಗಳ ಸದ್ದು ಕೇಳಿ ಬೆಳೆದ ಬಡ ಹುಡುಗರಿಂದ ಎಂದು ಹೇಳಿದಳು. ಗಿಟಾರಿನ ದನಿಯನ್ನು ಅವರು ಬೇಕೆಂದೇ ಒಡೆಯುತ್ತಾರಂತೆ. ತಾಳಲಾರದಷ್ಟು ಒತ್ತಡ ಕೊಟ್ಟು ಅದು ಗೊರಗೊರ ಎನ್ನುವಂತೆ ಮಾಡುತ್ತಾರಂತೆ. ನಾನು ದಿನವಿಡೀ ಕುಳಿತು ಸರಿಪಡಿಸುವ ದೋಷವನ್ನೇ ಮಾರಿ ಬದುಕುವವರೂ ಲೋಕದಲ್ಲಿದ್ದಾರೆಂದು ಅಂದು ಗೊತ್ತಾಯಿತು.

ಅದರ ಬಗೆಗಳನ್ನು ನಾನು ಗುರುತು ಹಿಡಿದದ್ದು ಕಿವಿಯಿಂದಲ್ಲ, ತಾಟಿನಲ್ಲಿ ಬಿದ್ದ ರೊಟ್ಟಿಯಿಂದ. ಥ್ರ್ಯಾಶ್ ಎಂಬುದು ಅವಸರದ ಜಾತಿ. ಅದರ ಹಾಡು ಹಚ್ಚಿದ ದಿನ ಅವಳ ಕೈ ತೊಗರಿ ಒಕ್ಕುವ ಮಷಿನ್ ಓಡಿದಂತೆ ಓಡಿ, ರೊಟ್ಟಿ ಹಪ್ಪಳದಷ್ಟು ತೆಳುವಾಗುತ್ತಿತ್ತು. ಡೂಮ್ ಎಂಬುದು ಬಹಳ ನಿಧಾನ, ಹಸಿ ಎರೆಮಣ್ಣಿನಲ್ಲಿ ತುಂಬಿದ ಬಂಡಿ ಹೊರಟಂತೆ. ಆ ದಿನ ದಪ್ಪ ರೊಟ್ಟಿ. ಪವರ್ ಮೆಟಲ್‌ನಲ್ಲಿ ಕುದುರೆ, ಕತ್ತಿ, ಗೆಲುವು. ಅದು ಹಬ್ಬದ ದಿನಗಳಿಗೆ. ಬ್ಲ್ಯಾಕ್ ಮೆಟಲ್‌ನವರು ನಾರ್ವೆಯ ಚಳಿಯಲ್ಲಿ ಮುಖಕ್ಕೆ ಬಿಳಿ ಕಪ್ಪು ಬಳಿದುಕೊಂಡು ಕಿರುಚುತ್ತಾರೆ. ಅದನ್ನು ಅವಳು ಬೇಸಿಗೆಯಲ್ಲಿ ಹಚ್ಚುತ್ತಿದ್ದಳು. ತಂಪಾಗುತ್ತದೆ ಎನ್ನುತ್ತಿದ್ದಳು. ನನಗೇನೂ ಆಗಲಿಲ್ಲ.

ಡೆತ್ ಮೆಟಲ್ ಮಾತ್ರ ನನಗೆ ಬೇಗ ಒಗ್ಗಿತು. ಅದರಲ್ಲಿ ಹೊಟ್ಟೆಯ ಆಳದಿಂದ ಗುಡುಗುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಪುರವಂತರು ಕತ್ತಿ ಹಿಡಿದು ಕುಣಿಯುತ್ತಾ ವೀರಭದ್ರನ ಮಹಿಮೆಯ ಒಡಪು ಹೇಳುವುದನ್ನು ನೀವು ಕೇಳಿದ್ದರೆ ನಿಮಗೂ ಒಗ್ಗುತ್ತದೆ. ಅದೇ ಗರ್ಜನೆ, ಅದೇ ಬಡಿತ, ಮುಂದೆ ಕುಳಿತ ಮಕ್ಕಳಿಗೆ ಅದೇ ಹೆದರಿಕೆ. ಇದನ್ನು ಹೇಳಿದಾಗ ಶಶಿಕಲಾ ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ತಟ್ಟಿ, "ಈಗ ನೋಡ್ರಿ ಪಾಸಾದ್ರಿ" ಎಂದಳು. ಅಂಗಿಯ ಮೇಲೆ ಅವಳ ಅಂಗೈ ಮೂಡಿದ್ದನ್ನು ನೋಡಿಕೊಳ್ಳದೆ ಅಂಗಡಿಗೆ ಹೋಗಿದ್ದೆ.

ಹೋದ ಬೇಸಿಗೆಯಲ್ಲಿ ಶಶಿಕಲಾ ತೀರಿಕೊಂಡಳು. ಕಾಯಿಲೆಯ ವಿಷಯ ಬರೆಯುವುದಿಲ್ಲ. ಅದರ ಬಗ್ಗೆ ಮಾತಾಡುವುದು ಅವಳಿಗೂ ಸೇರುತ್ತಿರಲಿಲ್ಲ.

ಸ್ಪೀಕರ್ ಕಟ್ಟೆಯ ಮೇಲೆಯೇ ಉಳಿಯಿತು. ಧೂಳು ಒರೆಸುತ್ತಿದ್ದೆ, ಚಾರ್ಜ್ ಮಾಡುತ್ತಿದ್ದೆ, ಹಚ್ಚುತ್ತಿರಲಿಲ್ಲ. ಹಚ್ಚಿದರೆ ಹಾಡೇನೋ ಬರುತ್ತದೆ, ಅದರ ಜೊತೆ ರೊಟ್ಟಿ ಬಡಿಯುವ ಸದ್ದು ಬರುವುದಿಲ್ಲ. ಆ ಹಾಡುಗಳನ್ನು ನಾನು ಒಮ್ಮೆಯೂ ಆ ಸದ್ದಿಲ್ಲದೆ ಕೇಳಿದವನಲ್ಲ. ಬರಿಯ ಹಾಡು ಎಷ್ಟು ಖಾಲಿ ಕೇಳಿಸೀತೋ ಎಂದು ಹೆದರಿಕೆ. ಒಮ್ಮೆ ಹಾಗೆ ಕೇಳಿಬಿಟ್ಟರೆ ಹಳೆಯ ನೆನಪೂ ಖಾಲಿಯಾದೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆ ಬಂತು. ಆ ದಿನ ನಮ್ಮ ಮನೆಯಲ್ಲಿ ತೀರಿಹೋದವರಿಗೆ ಎಡೆ ಇಡುತ್ತಾರೆ. ಅವರವರಿಗೆ ಸೇರುತ್ತಿದ್ದುದನ್ನೆಲ್ಲ ಪಡಸಾಲೆಯಲ್ಲಿ ಇಟ್ಟು, ಬಾಗಿಲು ಎಳೆದುಕೊಂಡು, ಎಲ್ಲರೂ ಅಂಗಳದಲ್ಲಿ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಅಪ್ಪನಿಗೆ ಎಲೆ ಅಡಿಕೆ, ಶಶಿಕಲಾಗೆ ಹಸಿರು ಸೀರೆ, ಬಳೆ, ಹೋಳಿಗೆ, ಎಣ್ಣೆಗಾಯಿ ಬದನೆ. ಬಾಗಿಲು ಎಳೆಯಬೇಕು ಎನ್ನುವಾಗ ಅವ್ವ ಕೇಳಿದಳು, "ಎಲ್ಲಾ ಇಟ್ಟಿ. ಆಕಿ ಹಾಡಿನ ಡಬ್ಬಿ ಎಲ್ಲೈತಿ?"

ಮಟಕಿ ಹಳ್ಳಿಯಿಂದ ಬಂದಿದ್ದ ಶರಣಪ್ಪ ಕಾಕಾ, ಅಪ್ಪನ ತಮ್ಮ, ಸುಮ್ಮನಿರಲಿಲ್ಲ. "ವೈನಿ, ಹಿರೇರು ಬರೂ ಹೊತ್ತಿನ್ಯಾಗ ಈ ಧಡಧಡ ಯಾಕ್ರಿ? ನಮ್ಮಣ್ಣ ಅಂಜಿ ವಾಪಸ್ ಹೋದಾನು."

"ನಿಮ್ಮಣ್ಣ ಜೀವಂತ ಇದ್ದಾಗೂ ಆಕಿ ಹಾಡು ಕೇಳಕೋಂತನೇ ಉಂಡಾನ. ಅವಗ ರೂಢಿ ಐತಿ. ಹಚ್ಚಲೇ ಶಿವಾ," ಎಂದು ಅವ್ವ ನನ್ನತ್ತ ತಿರುಗಿದಳು.

ಅವ್ವನ ಮಾತಿಗೆ ಎದುರಾಡುವ ಅಭ್ಯಾಸ ನನಗಿಲ್ಲ. ಸ್ಪೀಕರ್ ತಂದು ಎಡೆಯ ಪಕ್ಕ ಇಟ್ಟೆ. ಬೇಗ ಮುಗಿಯುವ ಥ್ರ್ಯಾಶ್ ಒಂದನ್ನು ಹಚ್ಚಿ ಪಾರಾಗೋಣವೆಂದು ಅವಳ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಒತ್ತಿ, ಬಾಗಿಲೆಳೆದು ಹೊರಗೆ ಬಂದೆ. ಒಳಗಿನಿಂದ ಗಿಟಾರು ಒಂದು ಸಲ ನರಳಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಸಲ. ಡೂಮ್. ಅದೂ ಅವರಲ್ಲೇ ಸೋಮಾರಿಗಳು ಬಾರಿಸಿದ್ದು.

ಹಾಡು ಮುಗಿಯುವ ಮೊದಲು ಬಾಗಿಲು ತೆಗೆಯುವಂತಿಲ್ಲ. ಉಣ್ಣುವವರನ್ನು ಎಬ್ಬಿಸಿದಂತಾಗುತ್ತದೆ. ಬಿಸಿಲು ಏರಿತು. ನಡುವೆ ಹಾಡು ತಣ್ಣಗಾದಾಗ ಕಾಕಾ ಅವಸರದಿಂದ ಬಾಗಿಲಿಗೆ ಕೈ ಹಾಕಿದರು. ಒಳಗಿಂದ ಮತ್ತೆ ಗುಡುಗಿತು. ಹಿಂದೆ ಸರಿದರು.

"ಇದು ಮುಗೀತೈತೋ ಇಲ್ಲೋ? ನಮಗ ಹೊಟ್ಟಿ ಹಸದೈತಿ."

"ಹಸೀಲಿ ತಗೋ," ಎಂದಳು ಅವ್ವ. "ಮುಂಜಾನೆ ಡ್ಯೂಟಿ, ಸಂಜಿಗಿ ಡ್ಯೂಟಿ. ಒಂದಿನಾ ಕುಂತು ಉಣ್ಣಲಿಲ್ಲ ಆಕಿ. ಇವತ್ತರೆ ಸಾವಕಾಶ ಉಣ್ಲಿ."

ಕಾಕಾ ಹೋಗಿ ನೆರಳಿನಲ್ಲಿ ಕುಳಿತರು. ಆಗಲೇ ನನಗೆ ಆ ಸದ್ದು ಕೇಳಿದ್ದು. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ ಅವ್ವನ ಅಂಗೈ ಅವಳಿಗೇ ಗೊತ್ತಿಲ್ಲದೆ ಮೊಣಕಾಲಿನ ಮೇಲೆ ಬೀಳುತ್ತಿತ್ತು. ನಿಧಾನವಾಗಿ, ಬಡಿತಕ್ಕೆ ಸರಿಯಾಗಿ, ದಪ್ಪ ರೊಟ್ಟಿಯ ಲೆಕ್ಕದಲ್ಲಿ. ಇಷ್ಟು ವರ್ಷ ಒದರಾಟ ಎಂದು ಬೈದವಳ ಕೈಗೆ ಆ ತಾಳ ಬಾಯಿಪಾಠವಾಗಿತ್ತು. ಹಾಡು ಖಾಲಿ ಕೇಳಿಸಲಿಲ್ಲ. ಅದು ಇನ್ನಷ್ಟು ಹೊತ್ತು ನಡೆಯಲಿ ಎನಿಸಿತು. ಡೂಮ್‌ನವರು ಆ ವಿಷಯದಲ್ಲಿ ಮೋಸ ಮಾಡುವವರಲ್ಲ.

ಈಗ ಭಾನುವಾರದ ರೊಟ್ಟಿ ನನ್ನದು. ಸ್ಪೀಕರ್ ಹಚ್ಚಿಕೊಂಡೇ ಬಡಿಯುತ್ತೇನೆ. ತಾಟಿನಲ್ಲಿ ಬಿದ್ದದ್ದನ್ನು ಅವ್ವ ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡುತ್ತಾಳೆ.

"ಬಾಳ ದಪ್ಪ ಅದಾವಲೇ. ಹಾಡು ಬದಲಿ ಮಾಡು."

ಇನ್ನೂ ಮಾಡಿಲ್ಲ. ದಪ್ಪ ರೊಟ್ಟಿ ಉಣ್ಣಲು ಹೊತ್ತು ಹಿಡಿಯುತ್ತದೆ, ನಿಜ. ಭಾನುವಾರ ನಮಗಿಬ್ಬರಿಗೂ ಅಂಥ ಅವಸರವೇನಿಲ್ಲ.