ದೀಪ ಹಚ್ಚಿದ ಮೇಲೆ ಉಪ್ಪು

ನಾನು ಹೆದರುವ ಹೆಂಗಸಲ್ಲ. ದೇವದುರ್ಗದ ಕೂಲಿಕಾರರ ಓಣಿಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ನರ್ಸಿಂಗ್ ಓದಿ, ಮಾನ್ವಿಯ ಉಳ್ಳವರ ಮನೆಗೆ ಸೊಸೆಯಾಗಿ ಹೋಗಿ, ಅಲ್ಲೂ ನನ್ನ ಮಾತು ನಡೆಯುವಂತೆ ಮಾಡಿಕೊಂಡವಳು. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಗಂಡನನ್ನೂ ಆರು ವರ್ಷದ ಮಗಳನ್ನೂ ಕಟ್ಟಿಕೊಂಡು ಹೊರಟೇಬಿಟ್ಟೆ. ಎರಡು ತಿಂಗಳಲ್ಲಿ ಬಸ್ಸು, ಬ್ಯಾಂಕು, ಮಗಳ ಶಾಲೆ ಎಲ್ಲವೂ ರೂಢಿಯಾದವು. ಅಲ್ಲಿಯ ಅಕ್ಕಿಯನ್ನು ಬೈದುಕೊಂಡೇ ಉಣ್ಣುವುದನ್ನೂ ಕಲಿತೆ.

ಗಂಟು ಬಿದ್ದದ್ದು ಒಂದೇ ಕಡೆ. ನಮ್ಮವರಿಗೆ ಬೇಕರಿಯೊಂದರಲ್ಲಿ ಬರುವ ಸೋಮವಾರದಿಂದ ಮಧ್ಯಾಹ್ನದ ಪಾಳಿಯ ಕೆಲಸ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ನಾನು ಡ್ಯೂಟಿ ಮುಗಿಸಿ ಬರುವತನಕ, ಮೂರು ತಾಸು, ಮಗಳನ್ನು ನೋಡಿಕೊಳ್ಳುವವರು ಯಾರು? ಅಲ್ಲಿ ಸಣ್ಣ ಕೂಸನ್ನು ಮನೆಯಲ್ಲಿ ಒಂಟಿ ಬಿಡುವಂತಿಲ್ಲ. "ಮಾನ್ವಿಗೆ ಕಳಸೂಣು, ನಮ್ಮವ್ವ ನೋಡಕೋತಾಳ," ಎಂದರು ಅವರು. "ಕೂಸಿನ್ನ ಅಲ್ಲಿಟ್ಟು ನಾವು ಇಲ್ಲೇನು ಮಣ್ಣು ತಿನ್ನಾಕ ಇರಬೇಕೇನ್ರಿ?" ಎಂದು ನಾನು ಹಾರಿಬಿದ್ದೆ. ಕಡೆಗೆ ಪಕ್ಕದ ಮನೆಯ ಅಜ್ಜಿ, ಒಂದು ಕಾಲಕ್ಕೆ ಶಾಲೆ ಕಲಿಸಿದವಳು, ತಾನಾಗಿಯೇ "ಸೋಮವಾರದಿಂದ ನನ್ನ ಹತ್ತಿರ ಬಿಡು" ಎಂದಳು. ದೇವರೇ ಬಂದಂತಾಯಿತು.

ಶುಕ್ರವಾರ ನನಗೆ ರಜೆ. ಆ ಅಜ್ಜಿ ಸಣ್ಣ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಒಲೆಯ ಮೇಲೆ ಸೂಪು ಕುದಿಯುತ್ತಿದೆ, ಉಪ್ಪು ಮುಗಿದಿದೆ, ಚೂರು ಕೊಡುತ್ತೀಯಾ ಎಂದು ಕೇಳಿದಳು. ಗಡಿಯಾರದಲ್ಲಿ ಬರೀ ನಾಲ್ಕೂವರೆ. ಆದರೆ ಅಲ್ಲಿಯ ಚಳಿಗಾಲದಲ್ಲಿ ಅಷ್ಟರೊಳಗೇ ಹೊತ್ತು ಮುಳುಗಿರುತ್ತದೆ. ನಾನು ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಎದ್ದಿದ್ದೆ. ಊರು ಬಿಡುವಾಗ ಮಾನ್ವಿಯ ಅತ್ತೆ ಹೇಳಿ ಕಳಿಸಿದ್ದರು: "ದೀಪ ಹಚ್ಚಿದ ಮ್ಯಾಲ ಉಪ್ಪು, ಹೆಪ್ಪು, ಸೂಜಿ ಯಾರಿಗೂ ಕೊಡಬ್ಯಾಡವಾ. ಲಕ್ಷ್ಮಿ ಹೊಂಟು ಹೋಗತಾಳ." ಪರದೇಶದಲ್ಲಿ ಲಕ್ಷ್ಮಿ ಹೊರಟುಬಿಟ್ಟರೆ ಎಲ್ಲಿ ಹುಡುಕಲಿ! "ಈಗ ಇಲ್ಲ, ನಾಳೆ ಬೆಳಿಗ್ಗೆ ಕೊಡುತ್ತೇನೆ" ಎಂದುಬಿಟ್ಟೆ. ಹಿಂದಿನಿಂದ ಮಗಳು, "ಮಮ್ಮಿ, ಡಬ್ಬಿ ತುಂಬ ಅದಲ್ಲ!" ಎಂದು ಒಲೆಯ ಕಡೆ ಬೆರಳು ಮಾಡಿದಳು. ಅಜ್ಜಿಗೆ ಕನ್ನಡ ಬರದಿದ್ದರೂ ಬೆರಳು ತಿಳಿಯಿತು. ಬಟ್ಟಲನ್ನು ಹೊಟ್ಟೆಗೆ ಅವಚಿಕೊಂಡು ಹೊರಟುಹೋದಳು.

ನಮ್ಮವರು ಹಣೆ ಹಣೆ ಬಡಿದುಕೊಂಡರು. "ಉಪ್ಪೇನು ಬಂಗಾರೇನು? ಸೋಮವಾರ ಯಾವ ಮಾರಿ ಇಟ್ಕೊಂಡು ಕೂಸಿನ್ನ ಅಕಿ ಮನಿಗೆ ಕರಕೊಂಡು ಹೋಗತಿ?" ಶನಿವಾರ ಬೆಳಕು ಹರಿದದ್ದೇ ತಡ ಉಪ್ಪು ಒಯ್ದೆ. "ಬೇಡ, ಅಂಗಡಿಯಿಂದ ತಂದುಕೊಂಡೆ," ಎಂದು ಅಜ್ಜಿ ಬಾಗಿಲು ಹಾಕಿದಳು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಕೊಡದವಳ ಗಂಟಲೂ ಒಣಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ದೇವದುರ್ಗಕ್ಕೆ, ಅವ್ವನಿಗೆ ಫೋನು ಹಚ್ಚಿದೆ. ನಿನ್ನದೇನೂ ತಪ್ಪಿಲ್ಲ ಎಂದು ಅವಳಾದರೂ ಅನ್ನಲಿ ಎಂಬ ಆಸೆ. ಅವ್ವ ಎಲ್ಲ ಕೇಳಿಸಿಕೊಂಡಳು.

"ಯವ್ವಾ, ನಾವು ಕೂಲಿ ಮುಗಿಸಿ ಮನಿಗೆ ಬರತಿದ್ದದ್ದ ದೀಪ ಹಚ್ಚಿದ ಮ್ಯಾಲ. ಒಲಿ ಹೊತ್ತಿಸಿದಾಗ ಉಪ್ಪಿಲ್ಲಂತ ಗೊತ್ತಾಗತಿತ್ತು. ಇದ್ದವರ ಬಾಗಿಲಿಗೆ ಹೋದ್ರ, 'ಹೊತ್ತು ಮುಳುಗೇದ, ನಾಳೆ ಬಾ' ಅಂತಿದ್ರು. ಎಷ್ಟು ದಿನ ಸಪ್ಪನ ಅಂಬಲಿ ಕುಡಿಸಿ ನಿನ್ನ ಮಲಗಿಸೀನಿ, ನಿನಗ ನೆಪ್ಪಿಲ್ಲ. ಈಗ ನೀನೂ ಹಂಗ ಅಂದೇನು?"

ನಾಚಿಕೆಯಿಂದ ಕುಗ್ಗಿಹೋದೆ. "ಇವತ್ತ ದೀಪ ಹಚ್ಚಿದ ಮ್ಯಾಲ ಒಯ್ದು ಕೊಡತೀನವ್ವಾ" ಎಂದು ಫೋನು ಇಟ್ಟೆ. ಅತ್ತೆಯ ಮೇಲೆ ಸಿಟ್ಟೂ ಬಂತು. ಆದರೆ ಅವರು ತಾವು ಕೇಳಿದ್ದನ್ನು ಹೇಳಿದ್ದರು ಅಷ್ಟೆ. ಕಣ್ಣೆದುರಿನ ಖಾಲಿ ಬಟ್ಟಲು ಕಂಡೂ ಇಲ್ಲವೆಂದವಳು ನಾನು.

ಆವತ್ತು ಹೊತ್ತು ಮುಳುಗಲಿ ಎಂದೇ ಕಾದೆ. ದೀಪ ಹಚ್ಚಿ, ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು, ಮಗಳ ಕೈ ಹಿಡಿದು ಅಜ್ಜಿಯ ಬಾಗಿಲು ಬಡಿದೆ. ನನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ: ಲಕ್ಷ್ಮಿ, ಅತ್ತೆಯ ಮಾತು, ಅವ್ವನ ಸಪ್ಪನ ಅಂಬಲಿ. ಕೂಸನ್ನು ನೋಡಿಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು, ಇದನ್ನು ಮಾತ್ರ ಬೇಡವೆನ್ನಬೇಡಿ ಎಂದೆ. ಅಳು ಬಂತು. ತಡೆಯಲಿಲ್ಲ.

ಅಜ್ಜಿ ಒಳಗೆ ಹೋಗಿ ಬಟ್ಟಲು ತಂದು ಮುಂದೆ ಹಿಡಿದಳು. ಡಬ್ಬಿಯಿಂದ ಉಪ್ಪು ಸುರಿದು ಅದನ್ನು ತುಂಬಿಸಿದೆ. "ಸೋಮವಾರಕ್ಕೆ ಇವಳಿಗೆ ಏನು ಮಾಡಲಿ, ಏನು ತಿನ್ನುತ್ತಾಳೆ?" ಎಂದು ಕೇಳಿದಳು.

ಭಾನುವಾರ ಅವ್ವನೇ ಫೋನು ಮಾಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು.

"ತಗೊಂಡಳೇನು?"

"ತಗೊಂಡಳವ್ವಾ."

"ನಾನೂ ತಗೊಂತಿದ್ದೆ," ಎಂದಳು ಅವ್ವ. "ನಮ್ಮ ಬಾಗಿಲಿಗೆ ಉಪ್ಪು ಹಿಡಕೊಂಡು ಯಾರೂ ಬರಲಿಲ್ಲ."