ಗಾಳಿಗೆ ಕೆಡದ ಪುಡಿ

ಮರಾಠಿ ಸೀಮೆಯ ಹಡಪಸರದ ಪ್ರಯೋಗಾಲಯಕ್ಕೆ ಸೇರಿದ ಮೊದಲ ದಿನ, ಸೂಜಿಯ ತುದಿಯಿಂದ ಜಾರಿದ ಹನಿಯೊಂದು ನೆಲ ಮುಟ್ಟುವ ಮೊದಲೇ ತಾನಾಗಿ ಹೊತ್ತಿಕೊಂಡಿತು. ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದವಳು ನಾನು. ಆದರೂ ಗಾಳಿಯನ್ನೇ ತಾಳದ ವಸ್ತುವನ್ನು ಪುಸ್ತಕದಲ್ಲಷ್ಟೇ ಕಂಡಿದ್ದೆ.

ತೊಂಬತ್ತರ ದಶಕದ ಮಾತು. ಅಂಥ ಲೋಹದ ಸಂಯುಕ್ತವೊಂದನ್ನು ಬಾಟಲಿಯಲ್ಲಿ ಕೆಡದೆ ಉಳಿಯುವ ಪುಡಿಯಾಗಿಸುವುದು ನನ್ನ ಕೆಲಸ. ಮಳೆಗಾಲ ದಾಟಿ ಉಳಿದರೆ ನೌಕರಿ ಕಾಯಂ. ಕೆಟ್ಟರೆ ವಾಪಸು ಧಾರವಾಡ. ನಮ್ಮ ಮನೆಯವರು ತಮ್ಮ ಬಟ್ಟೆ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದಿದ್ದರು.

"ಏನದು ನಿನ್ನ ಪುಡಿ?" ಎಂದು ಅವರು ಕೇಳಿದಾಗ ಬಟ್ಟೆಯ ಲೆಕ್ಕದಲ್ಲೇ ಹೇಳಿದೆ. "ಕುಪ್ಪಸದ ಎಡತೋಳು, ಬಲತೋಳು ಅಳತಿ ಒಂದ ಇದ್ರೂ ಅದಲುಬದಲು ಆಗಂಗಿಲ್ಲಲ್ರಿ? ಔಷಧದ ಕಣಾನೂ ಹಂಗ. ಇದು ಬಲತೋಳಷ್ಟ ಹೊಲಿಯೋ ದರ್ಜಿ ಇದ್ದಂಗ."

"ಗಾಳಿ ಬಡದ್ರ ಸಾಯೋ ದರ್ಜಿ! ಅವನ್ನ ನಂಬಿ ನನ್ನ ಅಂಗಡಿ ಮುಚ್ಚಿಸಿದಿ ನೋಡು," ಎಂದು ನಕ್ಕರು.

ಧಾರವಾಡದಲ್ಲಿ ಅವರ ಅಂಗಡಿಯ ಗಾದಿಯ ಮೇಲೆ ದಿನವಿಡೀ ಯಾರಾದರೂ ಕೂತು ಹರಟುತ್ತಿದ್ದರು. ಇಲ್ಲಿ ಎರಡು ಕೋಣೆ, ಉದ್ದನೆಯ ಮಧ್ಯಾಹ್ನ. ಮನೆ ಮಾಲಕಿಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರು ಆಮಟಿ ತಂದುಕೊಟ್ಟರೆ ಇವರು "ಛಾನ್, ಛಾನ್" ಎಂದು ಹೊಗಳುವರು, ಬಾಗಿಲು ಮುಚ್ಚಿದ ಮೇಲೆ, "ಬ್ಯಾಳಿಸಾರಿಗೆ ಇಷ್ಟ್ ಬೆಲ್ಲಾ! ಉಣ್ಣಾಕೋ, ಪ್ರಸಾದಕ್ಕೋ?" ಛಾನ್, ಅಂದರೆ ಚೆನ್ನಾಗಿದೆ; ಇವರಿಗೆ ಗೊತ್ತಿದ್ದ ಮರಾಠಿ ಅದೊಂದೇ.

ಸಂಜೆ ನಾನು ಬಂದೊಡನೆ, "ಇವತ್ತರೆ ಪುಡಿ ಕೆಟ್ಟದೇನು?" ಎನ್ನುತ್ತಿದ್ದರು. ಚೇಷ್ಟೆಯೆಂದು ನಗುತ್ತಿದ್ದೆ. ಆಮೇಲಾಮೇಲೆ ಗಮನಿಸಿದೆ: ಕೇಳಿದವರು ಉತ್ತರ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು.

ಮಳೆ ಮುಗಿಯಿತು. ಬಾಟಲಿ ತೆರೆದು ಪುಡಿಯನ್ನು ಬಳಸಿ ನೋಡಿದೆವು. ಬಂದದ್ದೆಲ್ಲ ಬಲತೋಳೇ. ಪ್ರಯೋಗಾಲಯದಲ್ಲಿ ಪೇಢೆ ಹಂಚಿದರು.

"ಉಳೀತ್ರಿ," ಎಂದೆ ಮನೆಯಲ್ಲಿ.

"ಪೂರ್ತಿ?"

"ಪೂರ್ತಿ."

"ಚಲೋ ಆತು ತಗೋ." ಮುಖ ತೊಳೆದು, ಅಂಗಿ ತೊಟ್ಟು, ಓಣಿಯ ಫೋನ್ ಅಂಗಡಿಗೆ ನಡೆದರು. ಹಿಂದೆಯೇ ಹೋದೆ. ಅತ್ತ ಕಡೆ ಮೈದುನ.

"ಸಿದ್ದೂ, ಬೋರ್ಡ್ ಇಳಸು. ಅಂಗಡಿ ಬೇಕಂದವಗ ಕೊಟ್ಟಬಿಡು... ಏ ಹುಚ್ಚಾ, ಅಳ್ತೀ ಯಾಕ? ಖುಷಿ ಸುದ್ದಿ ಅದ. ನಿಮ್ಮ ವೈನಿ ಗೆದ್ದಾಳ."

ಆ ಪುಡಿ ಈಗ ಎಲ್ಲೆಲ್ಲಿಗೋ ಹೋಗುತ್ತದೆ. ಅವರು ಇಲ್ಲಿ ಬೇರೆಯವರ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾರೆ. "ಯಾ ತಾಈ, ಬಸಾ" ಎಂದು ಗಿರಾಕಿಗಳನ್ನು ಮರಾಠಿಯಲ್ಲೇ ಕರೆದು ಕೂರಿಸುತ್ತಾರೆ. ಧಾರವಾಡಕ್ಕೆ ಹೋದಾಗ ಮಾತ್ರ, ಪೇಟೆಯ ಆ ಬೀದಿ ಬರುತ್ತಲೇ ಎದುರು ಬದಿಗೆ ದಾಟುತ್ತಾರೆ. ನಾನೂ ದಾಟುತ್ತೇನೆ. ಅಂಗಡಿಯಿದ್ದಲ್ಲಿ ಈಗ ಯಾರೋ ಚಪ್ಪಲಿ ಮಾರುತ್ತಾರಂತೆ. ನಾವಿಬ್ಬರೂ ಇನ್ನೂ ಅತ್ತ ನೋಡಿಲ್ಲ.